ತೀವ್ರ ಅನೊರೆಕ್ಸಿಯಾ ನರ್ವೋಸಾ: ಜೀವಕ್ಕೆ ಅಪಾಯ ತರುವ ದೈಹಿಕ ತೊಡಕುಗಳು ಮತ್ತು ಚಿಕಿತ್ಸಾ ಸೌಲಭ್ಯಗಳು

(ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಾಗೂ ನೆಲಮಂಗಲ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಅನೊರೆಕ್ಸಿಯಾ ನರ್ವೋಸಾ ಒಂದು ಮಾನಸಿಕ ಕಾಯಿಲೆ. ಆದರೆ ಈ ಕಾಯಿಲೆಯಿಂದ ಸಂಭವಿಸುವ ಸಾವುಗಳಲ್ಲಿ ಬಹುಪಾಲು ಹೃದಯ, ರಕ್ತದಲ್ಲಿನ ಲವಣಾಂಶ, ಸಕ್ಕರೆಯ ಮಟ್ಟ ಮುಂತಾದ ದೈಹಿಕ ಕಾರಣಗಳಿಂದ ಉಂಟಾಗುತ್ತವೆ. ಕಾಯಿಲೆಯು ತೀವ್ರ ಹಂತವನ್ನು ತಲುಪಿದಾಗ ಬುದ್ಧಿವಾದದಿಂದಾಗಲಿ, ಮನೆಯಲ್ಲಿ ಬಲವಂತವಾಗಿ ಊಟ ಮಾಡಿಸುವುದರಿಂದಾಗಲಿ ಪ್ರಯೋಜನವಿರುವುದಿಲ್ಲ. ಬಹುದಿನ ಉಪವಾಸದಲ್ಲಿದ್ದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ನೀಡುವುದೇ ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು. ಆದುದರಿಂದ ರೋಗಿಯನ್ನು ಯಾವಾಗ, ಎಲ್ಲಿಗೆ ಕರೆದೊಯ್ಯಬೇಕು, ಯಾವ ದಾಖಲೆಗಳನ್ನು ಒಯ್ಯಬೇಕು ಹಾಗೂ ಕಾನೂನಿನಲ್ಲಿ ಯಾವ ಹಕ್ಕುಗಳಿವೆ ಎಂಬ ವಿವರಗಳನ್ನು ಈ ಪುಟದಲ್ಲಿ ನೀಡಲಾಗಿದೆ.

2. ಕಾಯಿಲೆಯ ಸ್ವರೂಪ

ಅನೊರೆಕ್ಸಿಯಾ ಎಂಬ ಪದಕ್ಕೆ ಹಸಿವಿಲ್ಲದಿರುವುದು ಎಂದು ಅರ್ಥ. ಈ ಹೆಸರು ಸ್ವಲ್ಪಮಟ್ಟಿಗೆ ತಪ್ಪು ಕಲ್ಪನೆಯನ್ನು ಉಂಟುಮಾಡುತ್ತದೆ. ರೋಗಿಗೆ ಬಹುತೇಕ ಹಸಿವಿರುತ್ತದೆ. ತೂಕ ಹೆಚ್ಚುವ ಭಯದಿಂದಲೋ, ದೇಹದ ಆಕಾರದ ಬಗೆಗಿನ ತಪ್ಪು ಗ್ರಹಿಕೆಯಿಂದಲೋ ಆಹಾರವನ್ನು ನಿರಾಕರಿಸಲಾಗುತ್ತದೆ. ದೇಹವು ಕೃಶವಾಗಿದ್ದರೂ ರೋಗಿಗೆ ಅದು ಕಾಣುವುದಿಲ್ಲ. ಇದು ಹಠವಲ್ಲ, ಶೋಕಿಯಲ್ಲ, ಗಾಳಿ ಸೋಕಿದ್ದೂ ಅಲ್ಲ.

1873ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಲಾಸೆಗ್ ಹಾಗೂ ಇಂಗ್ಲೆಂಡಿನ ವಿಲಿಯಂ ಗಲ್ ಎಂಬ ವೈದ್ಯರು ಈ ಕಾಯಿಲೆಯನ್ನು ಪ್ರತ್ಯೇಕವಾಗಿ ವಿವರಿಸಿದರು. ಹದಿಹರೆಯದ ಹುಡುಗಿಯರಲ್ಲಿ ಮತ್ತು ಯುವತಿಯರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆಯಾದರೂ ಹುಡುಗರಲ್ಲಿ, ವಿವಾಹಿತರಲ್ಲಿ ಹಾಗೂ ಮಧ್ಯವಯಸ್ಕರಲ್ಲಿಯೂ ಬರಬಹುದು. ಮೊದಲು ದಪ್ಪವಿದ್ದವರು ಅಲ್ಪಾವಧಿಯಲ್ಲಿ ಹೆಚ್ಚು ತೂಕ ಕಳೆದುಕೊಂಡಾಗ, ನೋಡಲು ಬಡಕಲಾಗಿ ಕಾಣದಿದ್ದರೂ, ಮುಂದೆ ವಿವರಿಸಿರುವ ಅಪಾಯಗಳು ಅವರಿಗೂ ಅನ್ವಯಿಸುತ್ತವೆ.

ವಿವಿಧ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಲಾದ ವಿಶ್ಲೇಷಣೆಯ ಪ್ರಕಾರ, ಈ ಕಾಯಿಲೆಯುಳ್ಳ ಪ್ರತಿ 1000 ಜನರಲ್ಲಿ ವರ್ಷಕ್ಕೆ ಸುಮಾರು 5 ಜನ ಮರಣ ಹೊಂದುತ್ತಾರೆ. ಮೃತಪಟ್ಟವರಲ್ಲಿ ಐವರಿಗೆ ಒಬ್ಬರು ಆತ್ಮಹತ್ಯೆಯಿಂದ ಸಾವನ್ನಪ್ಪಿರುತ್ತಾರೆ. ಮಾನಸಿಕ ಕಾಯಿಲೆಗಳ ಪೈಕಿ ಇದು ಅತಿ ಹೆಚ್ಚು ಸಾವು ತರುವ ಕಾಯಿಲೆಗಳಲ್ಲಿ ಒಂದಾಗಿದೆ.

3. ಕಾಯಿಲೆಯು ತಡವಾಗಿ ಪತ್ತೆಯಾಗಲು ಕಾರಣಗಳು

ಇದು ವಿದೇಶದ ಕಾಯಿಲೆ, ಪಟ್ಟಣದ ಶ್ರೀಮಂತರ ಕಾಯಿಲೆ ಎಂಬ ಭಾವನೆ ಸರಿಯಲ್ಲ. ಬೆಂಗಳೂರಿನ ಮನೋವೈದ್ಯರಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಲಾದ ಸಮೀಕ್ಷೆಯಲ್ಲಿ, ಉತ್ತರಿಸಿದವರ ಪೈಕಿ ಸುಮಾರು ಮೂರನೇ ಎರಡರಷ್ಟು ವೈದ್ಯರು ಆಹಾರ ಸಂಬಂಧಿ ಮಾನಸಿಕ ಕಾಯಿಲೆಯ ರೋಗಿಗಳನ್ನು ಕಂಡಿರುವುದಾಗಿ ತಿಳಿಸಿದ್ದರು. 2025ರ ಮಾರ್ಚ್ ತಿಂಗಳಿನಲ್ಲಿ, ಕಾಸರಗೋಡಿಗೆ ಹೊಂದಿಕೊಂಡಿರುವ ಕೇರಳದ ಕಣ್ಣೂರು ಜಿಲ್ಲೆಯಲ್ಲಿ, ತೂಕ ಹೆಚ್ಚುವ ಭಯದಿಂದ ಆಹಾರ ತ್ಯಜಿಸಿದ್ದ ಯುವತಿಯೊಬ್ಬರು ಆಸ್ಪತ್ರೆಯಲ್ಲಿ ಚಿಕಿತ್ಸೆ ಫಲಿಸದೆ ಮರಣ ಹೊಂದಿದರು. ಅವರಿಗೆ ಅನೊರೆಕ್ಸಿಯಾ ಇದ್ದಿರಬಹುದೆಂದು ವೈದ್ಯರು ಅಭಿಪ್ರಾಯಪಟ್ಟಿದ್ದರು.

ಕಾಯಿಲೆಯು ಬೇಗನೆ ಪತ್ತೆಯಾಗದಿರಲು ಮುಖ್ಯ ಕಾರಣಗಳು ಈ ಕೆಳಕಂಡಂತಿವೆ:

(1) ನಮ್ಮ ದೇಶದ ಅನೇಕ ರೋಗಿಗಳು ದಪ್ಪಗಾಗುವ ಭಯವನ್ನು ಹೇಳಿಕೊಳ್ಳುವುದಿಲ್ಲ. ಬದಲಾಗಿ ಹೊಟ್ಟೆ ತುಂಬಿದಂತಿದೆ, ಗ್ಯಾಸ್ಟ್ರಿಕ್ ಆಗಿದೆ, ಊಟ ಸೇರುವುದಿಲ್ಲ, ವ್ರತವಿದೆ ಎಂದು ಹೇಳುತ್ತಾರೆ. ಹೀಗಾಗಿ ತಿಂಗಳುಗಟ್ಟಲೆ ಹೊಟ್ಟೆಯ ಔಷಧಿಯಲ್ಲಿಯೇ ಕಾಲ ಕಳೆಯುತ್ತದೆ.

(2) ಮುಟ್ಟು ನಿಂತಾಗ ಸ್ತ್ರೀರೋಗ ತಜ್ಞರ ಬಳಿಗೆ, ತೂಕ ಇಳಿದಾಗ ಕ್ಷಯರೋಗದ ಪರೀಕ್ಷೆಗೆ, ತಲೆಸುತ್ತು ಬಂದಾಗ ರಕ್ತಹೀನತೆಯ ಚಿಕಿತ್ಸೆಗೆ ಕರೆದೊಯ್ಯಲಾಗುತ್ತದೆ. ಈ ಪರೀಕ್ಷೆಗಳು ಅಗತ್ಯವೇ ಹೌದು. ಆದರೆ ಊಟದ ಬಗ್ಗೆ ಯಾರೂ ವಿಚಾರಿಸದಿದ್ದರೆ ಮೂಲ ಕಾರಣ ತಿಳಿಯುವುದಿಲ್ಲ.

(3) ರೋಗಿಯು ಬಹುಕಾಲ ಚಟುವಟಿಕೆಯಿಂದಲೇ ಇರುತ್ತಾರೆ. ಓದಿನಲ್ಲಿ ಮುಂದಿರುತ್ತಾರೆ, ಮನೆಗೆಲಸ ಮಾಡುತ್ತಾರೆ, ಇತರರಿಗೆ ಅಡುಗೆ ಮಾಡಿ ಬಡಿಸುತ್ತಾರೆ. ಇದನ್ನು ಕಂಡು ಕುಟುಂಬದವರು ಅಪಾಯವಿಲ್ಲವೆಂದು ಭಾವಿಸುತ್ತಾರೆ.

(4) ಸಾಮಾನ್ಯ ರಕ್ತಪರೀಕ್ಷೆಯ ವರದಿಯು ಸರಿಯಾಗಿದೆ ಎಂಬ ಕಾರಣಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು. ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿ ರಕ್ತದ ಮಟ್ಟಗಳನ್ನು ಕೊನೆಯವರೆಗೂ ಕಾಪಾಡಿಕೊಳ್ಳಲು ಯತ್ನಿಸುತ್ತದೆ. ವರದಿ ಸರಿಯಿದ್ದ ರೋಗಿಯ ಸ್ಥಿತಿಯೂ ಕೆಲವೇ ದಿನಗಳಲ್ಲಿ ಹದಗೆಡಬಹುದು.

4. ಜೀವಕ್ಕೆ ಅಪಾಯ ತರುವ ತೊಡಕುಗಳು

(ಅ) ಹೃದಯ: ಆಹಾರವಿಲ್ಲದಾಗ ಕೈಕಾಲುಗಳ ಸ್ನಾಯುಗಳಂತೆ ಹೃದಯದ ಸ್ನಾಯುವೂ ಸವೆಯುತ್ತದೆ. ನಾಡಿಬಡಿತ ನಿಧಾನವಾಗುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಇರುತ್ತದೆ. ಊಟ ಬಿಟ್ಟ ವ್ಯಕ್ತಿಯ ನಾಡಿಯು ಹಗಲಿನಲ್ಲಿ, ಎಚ್ಚರವಿರುವಾಗ 50ಕ್ಕಿಂತ ಕೆಳಗಿಳಿದಿದ್ದರೆ ಅದನ್ನು ಕ್ರೀಡಾಪಟುವಿನ ನಿಧಾನ ನಾಡಿಗೆ ಹೋಲಿಸಬಾರದು. ಅದು ಹೃದಯ ದುರ್ಬಲವಾಗಿರುವುದರ ಸೂಚನೆ. ಹೃದಯದ ವಿದ್ಯುತ್ ಲಯ ತಪ್ಪಿದಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಹೃದಯಸ್ತಂಭನವಾಗಬಹುದು. ಆದುದರಿಂದಲೇ ಇ.ಸಿ.ಜಿ. ಪರೀಕ್ಷೆಯು ಕಡ್ಡಾಯವಾಗಿರುತ್ತದೆ.

(ಆ) ರಕ್ತದ ಲವಣಗಳು: ಪೊಟ್ಯಾಷಿಯಂ, ಸೋಡಿಯಂ, ಮೆಗ್ನೀಷಿಯಂ ಮತ್ತು ರಂಜಕ ಇವು ಹೃದಯ, ಸ್ನಾಯು ಹಾಗೂ ಮೆದುಳಿನ ಕಾರ್ಯಕ್ಕೆ ಅತ್ಯವಶ್ಯ. ರಕ್ತದಲ್ಲಿ ಪೊಟ್ಯಾಷಿಯಂ ಸಾಮಾನ್ಯವಾಗಿ ಪ್ರತಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರತಕ್ಕದ್ದು. ವಾಂತಿ ಅಥವಾ ಭೇದಿ ಔಷಧಿಯ ದುರ್ಬಳಕೆ ಇದ್ದಲ್ಲಿ ಇದು ಅಪಾಯಕರ ಮಟ್ಟಕ್ಕೆ ಇಳಿದು ಹೃದಯದ ಲಯ ತಪ್ಪುತ್ತದೆ. ಊಟದ ಬದಲಿಗೆ ಅತಿಯಾಗಿ ನೀರು ಕುಡಿದಾಗ ಸೋಡಿಯಂ ಇಳಿದು ಮೂರ್ಛೆ ಬರಬಹುದು.

(ಇ) ರಕ್ತದ ಸಕ್ಕರೆ: ಯಕೃತ್ತಿನಲ್ಲಿ ಶೇಖರವಾಗಿರುವ ಸಕ್ಕರೆ ಮುಗಿದ ಮೇಲೆ, ರಾತ್ರಿ ನಿದ್ರೆಯಲ್ಲಿ ಅಥವಾ ದೈಹಿಕ ಶ್ರಮದ ನಂತರ ಸಕ್ಕರೆಯ ಮಟ್ಟ ಕುಸಿಯುತ್ತದೆ. ಸಕ್ಕರೆಯು ಪ್ರತಿ ಡೆಸಿಲೀಟರಿಗೆ 54 ಮಿಲಿಗ್ರಾಂಗಿಂತ ಕಡಿಮೆಯಾದಲ್ಲಿ ತುರ್ತು ಸ್ಥಿತಿಯೆಂದು ಪರಿಗಣಿಸಲಾಗುತ್ತದೆ. ಬೆವರು, ನಡುಕ, ಗೊಂದಲದಂತಹ ಲಕ್ಷಣಗಳು ಈ ರೋಗಿಗಳಲ್ಲಿ ಸ್ಪಷ್ಟವಾಗಿ ಕಾಣದೆ ನೇರವಾಗಿ ಪ್ರಜ್ಞೆ ತಪ್ಪಬಹುದು. ಮಧುಮೇಹಕ್ಕೆ ಇನ್ಸುಲಿನ್ ಪಡೆಯುತ್ತಿರುವವರಲ್ಲಿ ಅಪಾಯ ಮತ್ತಷ್ಟು ಹೆಚ್ಚು.

(ಈ) ಸೋಂಕು ಮತ್ತು ದೇಹದ ಉಷ್ಣತೆ: ಮೂಳೆಮಜ್ಜೆಯು ರಕ್ತಕಣಗಳನ್ನು ಉತ್ಪಾದಿಸುವುದು ಕಡಿಮೆಯಾಗುತ್ತದೆ. ದೇಹದ ಉಷ್ಣತೆ ಇಳಿಯುತ್ತದೆ. ಹೀಗಿರುವಾಗ ನ್ಯುಮೋನಿಯಾದಂತಹ ತೀವ್ರ ಸೋಂಕು ತಗುಲಿದರೂ ಜ್ವರ ಬಾರದಿರಬಹುದು. ಜ್ವರವಿಲ್ಲವೆಂಬುದು ಸಮಾಧಾನಪಡುವ ವಿಷಯವಲ್ಲ.

(ಉ) ಹೊಟ್ಟೆ ಮತ್ತು ಯಕೃತ್ತು: ಜಠರದ ಚಲನೆ ನಿಧಾನವಾಗುವುದರಿಂದ ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುತ್ತದೆ, ರೋಗಿಯ ಈ ದೂರು ಸುಳ್ಳಲ್ಲ. ಒಮ್ಮೆಲೇ ಅಧಿಕ ಆಹಾರ ಸೇವಿಸಿದಲ್ಲಿ ಜಠರವು ವಿಪರೀತ ಹಿಗ್ಗಿ, ಅಪರೂಪವಾಗಿ ಒಡೆಯಲೂಬಹುದು. ಹೊಟ್ಟೆ ಉಬ್ಬರದೊಂದಿಗೆ ತೀವ್ರ ನೋವು ಬಂದಲ್ಲಿ ತಡಮಾಡಬಾರದು. ತೀವ್ರ ಉಪವಾಸದಲ್ಲಿ ಯಕೃತ್ತಿನ ಜೀವಕೋಶಗಳೂ ಹಾನಿಗೊಳ್ಳುತ್ತವೆ.

(ಊ) ಮೆದುಳು ಮತ್ತು ನರಗಳು: ಬಿ1 ಜೀವಸತ್ವ, ಅಂದರೆ ಥಯಾಮಿನ್ ಕೊರತೆಯಿಂದ ಗೊಂದಲ, ಕಣ್ಣುಗುಡ್ಡೆಗಳ ಅಸಹಜ ಚಲನೆ, ನಡಿಗೆಯಲ್ಲಿ ತೂರಾಟ ಕಾಣಿಸಿಕೊಳ್ಳುತ್ತವೆ. ಕೂಡಲೇ ಚಿಕಿತ್ಸೆ ನೀಡದಿದ್ದಲ್ಲಿ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು. ಉಪವಾಸದಿಂದ ಮೆದುಳಿನ ಗಾತ್ರವೂ ಕುಗ್ಗುತ್ತದೆ. ಪೋಷಣೆ ಮರಳಿದಂತೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ.

(ಋ) ಮೂಳೆ ಮತ್ತು ಮುಟ್ಟು: ಹಾರ್ಮೋನುಗಳ ಕೊರತೆಯಿಂದ ಮುಟ್ಟು ನಿಲ್ಲುತ್ತದೆ, ಮೂಳೆಗಳು ಟೊಳ್ಳಾಗುತ್ತವೆ. ಬೆಳೆಯುವ ವಯಸ್ಸಿನಲ್ಲಿ ಕಳೆದುಕೊಂಡ ಮೂಳೆಯ ಬಲವನ್ನು ಪೂರ್ತಿಯಾಗಿ ಮರಳಿ ಪಡೆಯುವುದು ಕಷ್ಟ. ಇದು ತಕ್ಷಣದ ಅಪಾಯವಲ್ಲದಿದ್ದರೂ ಬೇಗನೆ ಚಿಕಿತ್ಸೆ ಆರಂಭಿಸಲು ಬಲವಾದ ಕಾರಣವಾಗಿದೆ.

(ಎ) ಆತ್ಮಹತ್ಯೆಯ ಅಪಾಯ: ಹತಾಶೆಯ ಮಾತು, ಸಾಯುವ ಮಾತು ಕೇಳಿಬಂದಲ್ಲಿ ಹೆದರಿಸಲು ಹೇಳುತ್ತಿದ್ದಾರೆಂದು ಭಾವಿಸದೆ, ರೋಗಿಯನ್ನು ಒಂಟಿಯಾಗಿ ಬಿಡದೆ, ಕೂಡಲೇ ವೈದ್ಯರ ಗಮನಕ್ಕೆ ತರತಕ್ಕದ್ದು.

5. ಪುನರಾಹಾರ ತೊಡಕು: ಊಟವೇ ಅಪಾಯವಾಗುವ ಸಂದರ್ಭ

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದ ಕೈದಿಗಳಿಗೆ ಯಥೇಚ್ಛವಾಗಿ ಆಹಾರ ನೀಡಲಾಯಿತು. ಬದುಕಿ ಉಳಿದರೆಂದು ಭಾವಿಸಿದ್ದವರಲ್ಲಿ ಹಲವರು ಊಟ ದೊರೆತ ನಂತರ ಮರಣ ಹೊಂದಿದರು. ವೈದ್ಯಶಾಸ್ತ್ರವು ಇದನ್ನು ಪುನರಾಹಾರ ತೊಡಕು, ಅಂದರೆ ರೀಫೀಡಿಂಗ್ ಸಿಂಡ್ರೋಮ್ ಎಂದು ಗುರುತಿಸುತ್ತದೆ.

ಉಪವಾಸದಲ್ಲಿರುವ ದೇಹವು ಸಕ್ಕರೆಯ ಬದಲಿಗೆ ಕೊಬ್ಬನ್ನು ಕರಗಿಸಿ ಜೀವ ಹಿಡಿದುಕೊಂಡಿರುತ್ತದೆ. ಅನ್ನ, ಮುದ್ದೆ, ಸಿಹಿ ಪದಾರ್ಥ ಅಥವಾ ಗ್ಲೂಕೋಸ್ ಹಠಾತ್ತನೆ ಹೆಚ್ಚು ಪ್ರಮಾಣದಲ್ಲಿ ದೊರೆತಾಗ ಇನ್ಸುಲಿನ್ ಏರುತ್ತದೆ. ಆಗ ರಕ್ತದಲ್ಲಿ ಅಳಿದುಳಿದ ರಂಜಕ, ಪೊಟ್ಯಾಷಿಯಂ ಮತ್ತು ಮೆಗ್ನೀಷಿಯಂ ಜೀವಕೋಶಗಳ ಒಳಕ್ಕೆ ಸೇರಿಕೊಂಡು, ರಕ್ತದಲ್ಲಿ ಇವುಗಳ ಮಟ್ಟ ಕುಸಿಯುತ್ತದೆ. ಪರಿಣಾಮವಾಗಿ ಹೃದಯದ ಲಯ ತಪ್ಪುವುದು, ಉಸಿರಾಟದ ಸ್ನಾಯುಗಳು ಸೋಲುವುದು, ಕಾಲು ಊದಿಕೊಳ್ಳುವುದು, ಮೂರ್ಛೆ ಮುಂತಾದವು ಸಂಭವಿಸುತ್ತವೆ. ಮರಳಿ ಊಟ ಆರಂಭಿಸಿದ ಮೊದಲ ವಾರದಲ್ಲಿ ಈ ಅಪಾಯ ಅತ್ಯಧಿಕವಾಗಿದ್ದು, ಎರಡನೆಯ ವಾರದವರೆಗೂ ನಿಗಾ ಅವಶ್ಯವಾಗಿರುತ್ತದೆ.

ಗ್ಲೂಕೋಸ್ ಬಾಟಲಿ ಹಾಕಿಸಿದರೆ ಶಕ್ತಿ ಬರುತ್ತದೆ ಎಂಬ ನಂಬಿಕೆ ಗ್ರಾಮಾಂತರ ಪ್ರದೇಶಗಳಲ್ಲಿ ವ್ಯಾಪಕವಾಗಿದೆ. ಈ ಕಾಯಿಲೆಯಲ್ಲಿ ಲವಣಗಳ ಪರೀಕ್ಷೆ ನಡೆಸದೆ, ಥಯಾಮಿನ್ ನೀಡದೆ ಗ್ಲೂಕೋಸ್ ಏರಿಸುವುದರಿಂದ ಮೇಲ್ಕಂಡ ತೊಡಕುಗಳು ಉಂಟಾಗಬಹುದು. ವೇಗವಾಗಿ ದ್ರವ ಏರಿಸಿದಲ್ಲಿ ದುರ್ಬಲ ಹೃದಯವು ಅದನ್ನು ತಡೆದುಕೊಳ್ಳಲಾರದು. ರಕ್ತದ ಸಕ್ಕರೆ ಕುಸಿದಿದ್ದಾಗ ಗ್ಲೂಕೋಸ್ ಜೀವರಕ್ಷಕವೇ ಆಗಿರುತ್ತದೆ. ಅದನ್ನು ಎಷ್ಟು, ಹೇಗೆ ನೀಡಬೇಕೆಂಬುದು ಆಸ್ಪತ್ರೆಯ ವೈದ್ಯರ ತೀರ್ಮಾನವಾಗಿರತಕ್ಕದ್ದು.

6. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ಲಕ್ಷಣಗಳು

ಆಹಾರ ನಿರಾಕರಿಸುತ್ತಿರುವ ಅಥವಾ ಶೀಘ್ರವಾಗಿ ತೂಕ ಕಳೆದುಕೊಂಡಿರುವ ವ್ಯಕ್ತಿಯಲ್ಲಿ ಈ ಕೆಳಕಂಡ ಯಾವುದೇ ಒಂದು ಲಕ್ಷಣವಿದ್ದರೂ ಮರುದಿನಕ್ಕೆ ಮುಂದೂಡಬಾರದು:

(1) ಪ್ರಜ್ಞೆ ತಪ್ಪುವುದು, ಎದ್ದು ನಿಂತಾಗ ಬೀಳುವುದು, ಮೂರ್ಛೆ.
(2) ಎದೆನೋವು, ಎದೆಬಡಿತದ ಏರುಪೇರು, ಉಸಿರಾಟದ ತೊಂದರೆ.
(3) ಪೂರ್ಣ 1 ನಿಮಿಷ ಎಣಿಸಿದಾಗ ನಾಡಿಬಡಿತ 50ಕ್ಕಿಂತ ಕಡಿಮೆ ಇರುವುದು, ಅಥವಾ ವಿಶ್ರಾಂತಿಯಲ್ಲಿಯೂ ಅತಿವೇಗವಾಗಿರುವುದು.
(4) ಮೈ ತಣ್ಣಗಾಗುವುದು; ಉಷ್ಣತೆ 35.5 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ ಸುಮಾರು 96 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇರುವುದು.
(5) ಕುಳಿತಲ್ಲಿಂದ ಕೈ ಊರದೆ ಏಳಲಾಗದಿರುವುದು, ಮೆಟ್ಟಿಲು ಹತ್ತಲಾಗದಿರುವುದು.
(6) ಗೊಂದಲ, ಅತಿಯಾದ ನಿದ್ದೆ, ತೂರಾಟ, ಕಣ್ಣು ಮಂಜಾಗುವುದು.
(7) ಆಹಾರ ಅಥವಾ ನೀರನ್ನು ಸಂಪೂರ್ಣವಾಗಿ ನಿರಾಕರಿಸುವುದು, ಮೂತ್ರ ಕಡಿಮೆಯಾಗುವುದು.
(8) ಪದೇ ಪದೇ ವಾಂತಿ, ವಾಂತಿಯಲ್ಲಿ ರಕ್ತ, ತೀವ್ರ ಹೊಟ್ಟೆನೋವು.
(9) ಮತ್ತೆ ಊಟ ಆರಂಭಿಸಿದ ನಂತರ ಕಾಲು ಊದುವುದು, ಏದುಸಿರು, ಹೊಸದಾಗಿ ನಿಶ್ಶಕ್ತಿ.
(10) ಸಾಯುವ ಮಾತು, ತನ್ನನ್ನು ತಾನೇ ಗಾಯಗೊಳಿಸಿಕೊಳ್ಳುವುದು.

ಗರ್ಭಿಣಿಯರು, ಮಕ್ಕಳು ಹಾಗೂ ಮಧುಮೇಹಿಗಳಲ್ಲಿ ಈ ಲಕ್ಷಣಗಳಿಗಾಗಿ ಕಾಯದೆ ಮೊದಲೇ ವೈದ್ಯರನ್ನು ಕಾಣತಕ್ಕದ್ದು.

7. ಕುಟುಂಬದವರು ಗಮನಿಸಬೇಕಾದ ಅಂಶಗಳು

(1) ಬಲವಂತವಾಗಿ ಬಾಯಿಗೆ ತುರುಕುವುದು, ಹೊಡೆಯುವುದು, ಹಬ್ಬ ಅಥವಾ ಮದುವೆಮನೆಗಳಲ್ಲಿ ಎಲ್ಲರ ಎದುರು ತೂಕದ ವಿಷಯ ಎತ್ತುವುದು ಸಲ್ಲದು.
(2) ಹಸಿವಿನ ಟಾನಿಕ್, ತೂಕ ಹೆಚ್ಚಿಸುವ ಪುಡಿ, ಭೇದಿ ಮಾತ್ರೆ ಮುಂತಾದವುಗಳನ್ನು ಔಷಧಿ ಅಂಗಡಿಯಿಂದ ನೇರವಾಗಿ ಖರೀದಿಸಿ ನೀಡಬಾರದು. ಗ್ಯಾಸ್ಟ್ರಿಕ್‌ಗೆಂದು ಬಳಸುವ ಹಲವು ಕ್ಯಾಪ್ಸೂಲುಗಳಲ್ಲಿರುವ ಡಾಂಪೆರಿಡೋನ್ ಎಂಬ ಔಷಧಿಯು ಲವಣಗಳು ಇಳಿದಿರುವ ರೋಗಿಯ ಹೃದಯದ ಲಯವನ್ನು ಮತ್ತಷ್ಟು ಕೆಡಿಸಬಹುದು. ಈಗಾಗಲೇ ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ ವೈದ್ಯರಿಗೆ ತೋರಿಸತಕ್ಕದ್ದು.
(3) ಅಪಾಯದ ಲಕ್ಷಣಗಳಿರುವಾಗ ವ್ಯಾಯಾಮ, ಓಟ, ದೀರ್ಘ ನಡಿಗೆ, ಉಪವಾಸ ವ್ರತಗಳನ್ನು ನಿಲ್ಲಿಸತಕ್ಕದ್ದು.
(4) ಹರಕೆ, ಪೂಜೆ, ಪ್ರಾರ್ಥನೆಗಳು ಕುಟುಂಬದ ನಂಬಿಕೆಗೆ ಬಿಟ್ಟ ವಿಷಯ. ಆದರೆ ಅವುಗಳಿಗಾಗಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು.

8. ಜಿಲ್ಲೆಯಲ್ಲಿ ಲಭ್ಯವಿರುವ ಸೌಲಭ್ಯಗಳು

(ಅ) ತುರ್ತು ಸಂದರ್ಭ: 108 ಸಂಖ್ಯೆಗೆ ಕರೆ ಮಾಡಿ ಆಂಬ್ಯುಲೆನ್ಸ್ ಪಡೆಯತಕ್ಕದ್ದು. ಸೇವೆಯು ಉಚಿತವಾಗಿರುತ್ತದೆ. ದುರ್ಬಲ ಹೃದಯದ ರೋಗಿಯನ್ನು ದ್ವಿಚಕ್ರ ವಾಹನದಲ್ಲಿ ಅಥವಾ ಬಸ್ಸಿನಲ್ಲಿ ದೂರದ ಊರಿಗೆ ಕರೆದೊಯ್ಯುವುದು ಸೂಕ್ತವಲ್ಲ.

(ಆ) ತಾಲ್ಲೂಕು ಮಟ್ಟ: ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲದ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಮೊದಲ ತಪಾಸಣೆ ಪಡೆಯಬಹುದಾಗಿದೆ. ನಿಮ್ಹಾನ್ಸ್ ಸಂಸ್ಥೆಯು ನಗರದ ದಕ್ಷಿಣ ಭಾಗದಲ್ಲಿ, ಹೊಸೂರು ರಸ್ತೆಯಲ್ಲಿದ್ದು, ದೊಡ್ಡಬಳ್ಳಾಪುರ ಅಥವಾ ದೇವನಹಳ್ಳಿಯಿಂದ ಇಡೀ ನಗರವನ್ನು ದಾಟಿ ಅಲ್ಲಿಗೆ ತಲುಪಲು ಬಹಳ ಸಮಯ ಹಿಡಿಯುತ್ತದೆ. ಆದುದರಿಂದ ಪ್ರಾಣಾಪಾಯದ ಲಕ್ಷಣಗಳಿದ್ದಲ್ಲಿ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇ.ಸಿ.ಜಿ., ರಕ್ತದ ಸಕ್ಕರೆ ಹಾಗೂ ರಕ್ತದೊತ್ತಡದ ತಪಾಸಣೆ ಮಾಡಿಸಿ, ಅಲ್ಲಿಂದ ಶಿಫಾರಸು ಪತ್ರದೊಂದಿಗೆ ಮುಂದುವರಿಯುವುದು ಸುರಕ್ಷಿತ.

(ಇ) ಮೇಲ್ದರ್ಜೆಯ ಆಸ್ಪತ್ರೆಗಳು: ದೇಹಸ್ಥಿತಿ ಗಂಭೀರವಾಗಿರುವಾಗ ಸಾಮಾನ್ಯ ವೈದ್ಯಕೀಯ ವಿಭಾಗವಿರುವ ದೊಡ್ಡ ಆಸ್ಪತ್ರೆ ಅವಶ್ಯ. ಬೆಂಗಳೂರಿನ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಕೃಷ್ಣರಾಜ ಮಾರುಕಟ್ಟೆ ಬಳಿಯ ವಿಕ್ಟೋರಿಯಾ ಆಸ್ಪತ್ರೆಗಳು ಸರ್ಕಾರಿ ಆಸ್ಪತ್ರೆಗಳಾಗಿವೆ. ಮಕ್ಕಳಿಗಾಗಿ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ದೇಹಸ್ಥಿತಿ ಸುಧಾರಿಸಿದ ನಂತರ ಮನೋವೈದ್ಯಕೀಯ ಚಿಕಿತ್ಸೆಗಾಗಿ ನಿಮ್ಹಾನ್ಸ್ ಸಂಸ್ಥೆಯನ್ನು ಸಂಪರ್ಕಿಸಬಹುದಾಗಿದೆ. ಅಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವು ಪ್ರತ್ಯೇಕವಾಗಿದೆ.

(ಈ) ಟೆಲಿ ಮಾನಸ್: 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿ ಮಾತನಾಡಬಹುದಾಗಿದೆ. ರೋಗಿಯು ಆಸ್ಪತ್ರೆಗೆ ಬರಲು ಒಪ್ಪದಿದ್ದಾಗ ಕುಟುಂಬದವರು ಸಹ ಕರೆ ಮಾಡಿ ಸಲಹೆ ಪಡೆಯಬಹುದು.

(ಉ) ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ: ಇದರಡಿ ಮನೋವೈದ್ಯರ ಸೇವೆಯನ್ನು ತಾಲ್ಲೂಕು ಮಟ್ಟಕ್ಕೆ ಒದಗಿಸಲಾಗುತ್ತದೆ. ತಜ್ಞರು ಭೇಟಿ ನೀಡುವ ದಿನವನ್ನು ಆಯಾ ತಾಲ್ಲೂಕು ಆಸ್ಪತ್ರೆಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು.

(ಊ) ಸ್ನೇಹ ಕ್ಲಿನಿಕ್: 2014ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವರ್ಷದವರಿಗೆ ಆಪ್ತಸಮಾಲೋಚನೆ ನೀಡಲಾಗುತ್ತದೆ. ಕಾಯಿಲೆಯ ಆರಂಭದ ಹಂತದಲ್ಲಿ ಈ ಸೇವೆ ಉಪಯುಕ್ತ. ಅಪಾಯದ ಲಕ್ಷಣಗಳಿದ್ದಲ್ಲಿ ಸಮಾಲೋಚನೆಯೊಂದೇ ಸಾಲದು.

ಗಮನಿಸಿ: ಸರ್ಕಾರಿ ಆಸ್ಪತ್ರೆಗಳಲ್ಲಿರುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳು 5 ವರ್ಷದೊಳಗಿನ ತೀವ್ರ ಅಪೌಷ್ಟಿಕ ಮಕ್ಕಳಿಗೆ ಮೀಸಲಾಗಿವೆ. ಹದಿಹರೆಯದ ಮತ್ತು ವಯಸ್ಕ ರೋಗಿಗಳು ಆಸ್ಪತ್ರೆಯ ಹೊರರೋಗಿ ಅಥವಾ ತುರ್ತು ವಿಭಾಗಕ್ಕೆ ಹೋಗತಕ್ಕದ್ದು.

9. ಆಸ್ಪತ್ರೆಯಲ್ಲಿ ನೀಡಲಾಗುವ ಚಿಕಿತ್ಸೆ

ಮೊದಲ ದಿನ ತೂಕ, ನಾಡಿ, ಉಷ್ಣತೆ, ಮಲಗಿರುವಾಗ ಮತ್ತು ನಿಂತಾಗ ರಕ್ತದೊತ್ತಡ, ಇ.ಸಿ.ಜಿ., ರಕ್ತದ ಸಕ್ಕರೆ, ಲವಣಗಳು, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ನಡೆಸಲಾಗುತ್ತದೆ. ಥಯಾಮಿನ್ ನೀಡಿ, ಕೊರತೆಯಿರುವ ಲವಣಗಳನ್ನು ತುಂಬಿ, ಪಥ್ಯತಜ್ಞರ ಸಲಹೆಯಂತೆ ಆಹಾರದ ಪ್ರಮಾಣವನ್ನು ಹಂತಹಂತವಾಗಿ ಹೆಚ್ಚಿಸಲಾಗುತ್ತದೆ. ಮೊದಲ ದಿನಗಳಲ್ಲಿ ರಕ್ತಪರೀಕ್ಷೆಯನ್ನು ಪ್ರತಿದಿನ ಪುನರಾವರ್ತಿಸಬೇಕಾಗುತ್ತದೆ. ಪದೇ ಪದೇ ರಕ್ತ ತೆಗೆಯುತ್ತಾರೆಂದು ಆಕ್ಷೇಪಿಸಿ ರೋಗಿಯನ್ನು ಬಿಡಿಸಿಕೊಂಡು ಹೋಗಬಾರದು; ಪುನರಾಹಾರ ತೊಡಕನ್ನು ಮೊದಲೇ ಕಂಡುಹಿಡಿಯಲು ಅದು ಅನಿವಾರ್ಯ.

ಆಹಾರ ಬಹಳ ಕಡಿಮೆ ನೀಡುತ್ತಿದ್ದಾರೆಂದು ಕುಟುಂಬದವರು ವಾರ್ಡಿಗೆ ಹೊರಗಿನಿಂದ ಊಟ, ಸಿಹಿ, ಎಳನೀರು ತಂದು ಕೊಡುವುದು ಅಪಾಯಕರ. ಏನನ್ನೇ ಕೊಡುವ ಮೊದಲು ಶುಶ್ರೂಷಾಧಿಕಾರಿಯನ್ನು ವಿಚಾರಿಸತಕ್ಕದ್ದು.

10. ವೆಚ್ಚ ಮತ್ತು ಅಗತ್ಯ ದಾಖಲೆಗಳು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದೆ. ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಇತರರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿಗಳವರೆಗೆ, ಸರ್ಕಾರವು ಭರಿಸುತ್ತದೆ. ರೋಗಿಗೆ ಅನ್ವಯಿಸುವ ಪ್ಯಾಕೇಜ್ ಯಾವುದೆಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ತಿಳಿದುಕೊಳ್ಳಬಹುದಾಗಿದೆ.

ಕೊಂಡೊಯ್ಯಬೇಕಾದ ದಾಖಲೆಗಳು:
(1) ರೋಗಿಯ ಆಧಾರ್ ಕಾರ್ಡ್.
(2) ಪಡಿತರ ಚೀಟಿ.
(3) ಹಿಂದಿನ ಚಿಕಿತ್ಸೆಯ ಚೀಟಿಗಳು, ಪರೀಕ್ಷಾ ವರದಿಗಳು, ಸೇವಿಸುತ್ತಿರುವ ಔಷಧಿಗಳು.
(4) ತಾಲ್ಲೂಕು ಆಸ್ಪತ್ರೆಯ ಶಿಫಾರಸು ಪತ್ರ. (ತುರ್ತು ಸಂದರ್ಭದಲ್ಲಿ ಇದು ಕಡ್ಡಾಯವಲ್ಲ.)
(5) ಕಳೆದ ಕೆಲವು ತಿಂಗಳ ತೂಕದ ವಿವರ, ಕೊನೆಯ ಮುಟ್ಟಿನ ದಿನಾಂಕ ಹಾಗೂ ಕಳೆದ 10 ದಿನಗಳಲ್ಲಿ ಸೇವಿಸಿದ ಆಹಾರದ ಅಂದಾಜನ್ನು ಬರೆದ ಹಾಳೆ. ಇದು ಅಧಿಕೃತ ದಾಖಲೆಯಲ್ಲದಿದ್ದರೂ, ಪುನರಾಹಾರ ತೊಡಕಿನ ಅಪಾಯವನ್ನು ಅಳೆಯಲು ವೈದ್ಯರಿಗೆ ಅತ್ಯಂತ ಸಹಕಾರಿ.

ಪಡಿತರ ಚೀಟಿ ಕೈಯಲ್ಲಿಲ್ಲವೆಂಬ ಕಾರಣದಿಂದ ತುರ್ತು ರೋಗಿಯನ್ನು ಮನೆಯಲ್ಲಿ ಇರಿಸಿಕೊಳ್ಳಬಾರದು. ದಾಖಲೆಗಳನ್ನು ನಂತರ ತಂದು ಒಪ್ಪಿಸಬಹುದು.

11. ಕಾನೂನಿನ ರಕ್ಷಣೆ ಮತ್ತು ಸಮ್ಮತಿ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಇದು 2018ರ ಮೇ 29ರಿಂದ ಜಾರಿಗೆ ಬಂದಿದೆ. ಅದರ ಮುಖ್ಯಾಂಶಗಳು ಈ ಕೆಳಕಂಡಂತಿವೆ:

(1) ಪ್ರಕರಣ 18: ಸರ್ಕಾರಿ ಸಂಸ್ಥೆಗಳಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಡತನ ರೇಖೆಗಿಂತ ಕೆಳಗಿರುವವರಿಗೆ, ಬಿ.ಪಿ.ಎಲ್. ಚೀಟಿ ಇಲ್ಲದಿದ್ದರೂ, ಚಿಕಿತ್ಸೆ ಉಚಿತ.
(2) ಪ್ರಕರಣ 14: ವಯಸ್ಕ ವ್ಯಕ್ತಿಯು ತನಗೆ ಬೇಕಾದವರನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ ನೇಮಿಸಿಕೊಳ್ಳಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿದರೆ ಸಾಕು. ಅಪ್ರಾಪ್ತರಿಗೆ ಸಾಮಾನ್ಯವಾಗಿ ಪೋಷಕರೇ ಪ್ರತಿನಿಧಿಯಾಗಿರುತ್ತಾರೆ.
(3) ಪ್ರಕರಣ 94: ಪ್ರಾಣಾಪಾಯ ಅಥವಾ ಆರೋಗ್ಯಕ್ಕೆ ಸರಿಪಡಿಸಲಾಗದ ಹಾನಿಯನ್ನು ತಡೆಯಲು, ಯಾವುದೇ ನೋಂದಾಯಿತ ವೈದ್ಯರು, ಪ್ರತಿನಿಧಿ ಲಭ್ಯವಿದ್ದಲ್ಲಿ ಅವರ ಸಮ್ಮತಿ ಪಡೆದು, 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಬಹುದು.
(4) ಪ್ರಕರಣ 87: ಅಪ್ರಾಪ್ತರನ್ನು ಮಾನಸಿಕ ಆರೋಗ್ಯ ಸಂಸ್ಥೆಗೆ ದಾಖಲಿಸುವಾಗ ಪ್ರತಿನಿಧಿ ಅಥವಾ ಅವರು ನೇಮಿಸಿದ ಸಹಾಯಕರು ಜೊತೆಯಲ್ಲಿರತಕ್ಕದ್ದು. ಬಾಲಕಿಯ ಪ್ರತಿನಿಧಿ ಪುರುಷರಾಗಿದ್ದಲ್ಲಿ ಮಹಿಳಾ ಸಹಾಯಕರನ್ನು ನೇಮಿಸತಕ್ಕದ್ದು.
(5) ಪ್ರಕರಣ 21: ವಿಮಾ ಕಂಪನಿಗಳು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸತಕ್ಕದ್ದು.
(6) ಪ್ರಕರಣ 23: ಚಿಕಿತ್ಸೆಯ ವಿವರಗಳು ಗೋಪ್ಯವಾಗಿರುತ್ತವೆ.
(7) ಪ್ರಕರಣ 27: ಹಕ್ಕುಗಳ ರಕ್ಷಣೆಗಾಗಿ ಉಚಿತ ಕಾನೂನು ನೆರವು ಪಡೆಯಬಹುದಾಗಿದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪರೀಕ್ಷೆ ಮುಗಿಯುವವರೆಗೆ ಆಸ್ಪತ್ರೆಗೆ ದಾಖಲಿಸುವುದನ್ನು ಮುಂದೂಡಬಹುದೇ?
ಉತ್ತರ: ಅಪಾಯದ ಲಕ್ಷಣಗಳಿದ್ದಲ್ಲಿ ಮುಂದೂಡಬಾರದು. 2024ರಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ. ದಾಖಲಾತಿಯ ವೈದ್ಯಕೀಯ ಪ್ರಮಾಣಪತ್ರವನ್ನು ಪಡೆದು ಶಾಲೆ ಅಥವಾ ಕಾಲೇಜಿಗೆ ಸಲ್ಲಿಸತಕ್ಕದ್ದು.

ಪ್ರಶ್ನೆ: ಬೇಗ ಮದುವೆ ಮಾಡಿದರೆ ಕಾಯಿಲೆ ಗುಣವಾಗುವುದೇ?
ಉತ್ತರ: ಇಲ್ಲ. ಮದುವೆಯು ಚಿಕಿತ್ಸೆಯಲ್ಲ. ಪೋಷಣೆ ಇಲ್ಲದ ದೇಹಕ್ಕೆ ಗರ್ಭಧಾರಣೆಯು ತಾಯಿ ಮತ್ತು ಮಗು ಇಬ್ಬರಿಗೂ ಅಪಾಯಕರ.

ಪ್ರಶ್ನೆ: ಈ ಕಾಯಿಲೆಗೆ ಮಾತ್ರೆ ಇದೆಯೇ?
ಉತ್ತರ: ಈ ಕಾಯಿಲೆಯನ್ನು ಗುಣಪಡಿಸುವ ನಿರ್ದಿಷ್ಟ ಮಾತ್ರೆ ಇಲ್ಲ. ಪೋಷಣೆಯ ಪುನಃಸ್ಥಾಪನೆ ಹಾಗೂ ಮನೋಚಿಕಿತ್ಸೆಗಳೇ ಮುಖ್ಯ. ಹದಿಹರೆಯದವರಲ್ಲಿ ಕುಟುಂಬವನ್ನು ಒಳಗೊಂಡ ಚಿಕಿತ್ಸೆಯು ಹೆಚ್ಚು ಫಲಕಾರಿ. ಖಿನ್ನತೆ ಮುಂತಾದವು ಜೊತೆಗಿದ್ದಲ್ಲಿ ವೈದ್ಯರು ಸೂಕ್ತ ಔಷಧಿ ನೀಡುತ್ತಾರೆ.

ಪ್ರಶ್ನೆ: ತೂಕ ಹೆಚ್ಚಿದ ಮೇಲೆ ಚಿಕಿತ್ಸೆ ನಿಲ್ಲಿಸಬಹುದೇ?
ಉತ್ತರ: ನಿಲ್ಲಿಸಬಾರದು. ದೇಹವು ಚೇತರಿಸಿಕೊಂಡ ನಂತರವೂ ಭಯ ಉಳಿದಿರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ವರ್ಷದಲ್ಲಿ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ವೈದ್ಯರು ಸೂಚಿಸಿದ ದಿನಗಳಂದು ತಪ್ಪದೆ ಹಾಜರಾಗತಕ್ಕದ್ದು.

ಪ್ರಶ್ನೆ: ಸಂಪೂರ್ಣ ಗುಣವಾಗುವ ಸಾಧ್ಯತೆ ಇದೆಯೇ?
ಉತ್ತರ: ಇದೆ. 2002ರಲ್ಲಿ ಪ್ರಕಟವಾದ, 119 ಅಧ್ಯಯನಗಳನ್ನು ಒಳಗೊಂಡ ಪರಿಶೀಲನೆಯಲ್ಲಿ, ಬದುಕುಳಿದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಸಂಪೂರ್ಣ ಗುಣಮುಖರಾಗಿದ್ದು, ಸುಮಾರು ಮೂರನೇ ಒಂದು ಭಾಗದಷ್ಟು ಜನರಲ್ಲಿ ಸುಧಾರಣೆ ಕಂಡುಬಂದಿತ್ತು. ಗುಣವಾಗಲು ಹಲವು ವರ್ಷಗಳು ಹಿಡಿಯಬಹುದು. ಚಿಕ್ಕ ವಯಸ್ಸಿನಲ್ಲಿ, ಕಾಯಿಲೆಯ ಆರಂಭದಲ್ಲಿಯೇ ಚಿಕಿತ್ಸೆ ಪಡೆದವರಲ್ಲಿ ಫಲಿತಾಂಶ ಉತ್ತಮವಾಗಿರುತ್ತದೆ.

ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು, ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು ಹಾಗೂ ಶಿಕ್ಷಕರು ಮೇಲ್ಕಂಡ ಲಕ್ಷಣಗಳನ್ನು ಗಮನಿಸಿದಲ್ಲಿ ಪೋಷಕರಿಗೆ ತಿಳಿಸಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಗಮನಕ್ಕೆ ತರಲು ಕೋರಲಾಗಿದೆ.

ತುರ್ತು ಆಂಬ್ಯುಲೆನ್ಸ್: 108
ಟೆಲಿ ಮಾನಸ್ (24 ಗಂಟೆ, ಉಚಿತ): 14416 ಅಥವಾ 1800 891 4416